ಗಂಗಾಳದಲ್ಲಿ ಉಳಿದ ರೊಟ್ಟಿ

ಶಹಾಪುರ, ಸುರಪುರದ ಕಡೆ ಏಪ್ರಿಲ್ ಅರ್ಧ ದಾಟಿತೆಂದರೆ ಮಧ್ಯಾಹ್ನದ ಓಣಿಯಲ್ಲಿ ನರಪಿಳ್ಳೆ ಕಾಣುವುದಿಲ್ಲ. ಹಗಲೆಲ್ಲ ಕಾದ ಬಂಡೆಗುಡ್ಡಗಳು ರಾತ್ರಿಯೂ ಕಾವು ಬಿಡುತ್ತಲೇ ಇರುತ್ತವೆ. ಜನ ಮಾಳಿಗೆ ಮೇಲೆ ಹಾಸಿಕೊಂಡು ಮಲಗುತ್ತಾರೆ. ಇಂಥ ದಿನಗಳಲ್ಲಿ ಹದಿನಾರರ ಹುಡುಗಿಯೊಬ್ಬಳು ಸ್ವೆಟರ್ ಹಾಕಿಕೊಂಡು ಮೂಲೆ ಹಿಡಿದು ಕೂತು, ಫ್ಯಾನ್ ಬಂದ್ ಮಾಡಿ ಎಂದರೆ ಮನೆಯವರು ಮೊದಲು ಹಣೆ ಮುಟ್ಟಿ ನೋಡುತ್ತಾರೆ. ಜ್ವರ ಇರುವುದಿಲ್ಲ. ಮೈ ತಣ್ಣಗಿರುತ್ತದೆ, ಬೆರಳ ತುದಿ ನೀಲಿಗಟ್ಟಿರುತ್ತದೆ, ನಾಡಿ ನಿಧಾನವಾಗಿರುತ್ತದೆ. ತಲೆಗೂದಲು ಉದುರುತ್ತಿದ್ದರೂ ತೋಳು, ಬೆನ್ನ ಮೇಲೆ ಎಳೆಗೂಸಿಗೆ ಇರುವಂಥ ನವಿರು ಕೂದಲು ಹೊಸದಾಗಿ ಮೂಡಿರುತ್ತದೆ. ಮುಟ್ಟು ನಿಂತು ಕೆಲವು ತಿಂಗಳಾಗಿರುತ್ತದೆ. ಕೇಳಿದರೆ ಒಂದೇ ಮಾತು: ‘ನನಗೇನಾಗ್ಯಾದ? ಹಸಿವಿಲ್ಲ, ಅಷ್ಟೇ.’

ಬಹಳ ದಿನ ಹೊಟ್ಟೆಗೆ ಸರಿಯಾಗಿ ಬೀಳದಿದ್ದರೆ ದೇಹ ಉಳಿತಾಯಕ್ಕೆ ಇಳಿಯುತ್ತದೆ. ಹೃದಯದ ಬಡಿತ ತಗ್ಗಿಸುತ್ತದೆ, ಮೈಯ ಕಾವು ತಗ್ಗಿಸುತ್ತದೆ, ಮುಟ್ಟು ನಿಲ್ಲಿಸುತ್ತದೆ, ಬೆಳೆಯುವ ವಯಸ್ಸಿನಲ್ಲಿ ಎಲುಬು ಗಟ್ಟಿ ಮಾಡುವ ಕೆಲಸವನ್ನೇ ಕೈಬಿಡುತ್ತದೆ. ಮನೆಯಲ್ಲಿ ಊಟವಿದ್ದೂ, ಹೊಟ್ಟೆಯಲ್ಲಿ ಬೇರೆ ರೋಗವಿಲ್ಲದೆಯೂ ಮಕ್ಕಳು ಈ ಸ್ಥಿತಿಗೆ ಬಂದರೆ ಅದು ಅನೊರೆಕ್ಸಿಯಾ ನರ್ವೋಸಾ ಇರಬಹುದು ಎನ್ನುತ್ತಾರೆ ವೈದ್ಯರು. ಮಾನಸಿಕ ಕಾಯಿಲೆಗಳ ಪೈಕಿ ಅತಿ ಹೆಚ್ಚು ಜೀವ ತೆಗೆಯುವ ಕಾಯಿಲೆಗಳಲ್ಲಿ ಇದೂ ಒಂದು. ಕೆಲವರು ಹೃದಯ ನಿಂತು ಸಾಯುತ್ತಾರೆ, ಕೆಲವರು ಬದುಕು ಸಾಕೆನಿಸಿ ಜೀವ ಕಳೆದುಕೊಳ್ಳುತ್ತಾರೆ.

ಯಾದಗಿರಿ ಜಿಲ್ಲೆಯಲ್ಲಿ ಈ ಮಾತು ಎತ್ತಿದರೆ ಬರುವ ಮೊದಲ ಉತ್ತರ ಗೊತ್ತಿದ್ದದ್ದೇ. ಇದು ಬೆಂಗಳೂರಿನವರ ರೋಗ, ಉಂಡು ಉಟ್ಟು ಸುಖವಾಗಿರುವವರ ರೋಗ, ನಮ್ಮಲ್ಲಿ ಉಣ್ಣಲಿಕ್ಕೆ ಇದ್ದರೆ ಸಾಕಾಗಿದೆ ಎನ್ನುತ್ತಾರೆ. ಹಾಗನ್ನುವುದಕ್ಕೆ ಕಾರಣವೂ ಇದೆ. 2009ರ ಡಿಸೆಂಬರ್‌ನಲ್ಲಿ ಕಲಬುರಗಿಯಿಂದ ಬೇರೆಯಾದ ಈ ಜಿಲ್ಲೆಯ ಹೆಸರು ಅಂದಿನಿಂದಲೂ ಪತ್ರಿಕೆಗಳಲ್ಲಿ ಬರುವುದು ಅಪೌಷ್ಟಿಕತೆ, ರಕ್ತಹೀನತೆ, ಬಾಲ್ಯವಿವಾಹ, ಗುಳೆ ಎಂಬ ಮಾತುಗಳ ಜೊತೆಯಲ್ಲೇ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನಲ್ಲಿ ಇಲ್ಲಿನ ಐದು ವರ್ಷದೊಳಗಿನ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ವಯಸ್ಸಿಗೆ ತಕ್ಕ ಎತ್ತರ ಬೆಳೆದಿರಲಿಲ್ಲ. ನಾರಾಯಣಪುರದ ಕಾಲುವೆ ನೀರು ಸುರಪುರ, ಶಹಾಪುರದ ಹೊಲಗಳಿಗೆ ಹರಿದು ಭತ್ತ ಬೆಳೆದರೂ ಆ ನೀರು ಕಾಣದ ಊರುಗಳ ಜನ ಗಂಟುಮೂಟೆ ಕಟ್ಟಿಕೊಂಡು ಬೆಂಗಳೂರು, ಪುಣೆ, ಮುಂಬೈಗೆ ಹೋಗುವುದು ತಪ್ಪಿಲ್ಲ.

ನನ್ನ ತಕರಾರು ಇರುವುದು ಇಲ್ಲೇ. ಹಸಿವು ಇಷ್ಟು ದೊಡ್ಡದಾಗಿ ಎದುರಿಗೆ ನಿಂತಿರುವುದರಿಂದಲೇ ಅದರ ಹಿಂದೆ ನಿಂತ ಮಗು ನಮಗೆ ಕಾಣುವುದಿಲ್ಲ. ಸೊರಗಿದ ಹುಡುಗಿಯನ್ನು ಕಂಡ ಕೂಡಲೇ ‘ರಕ್ತ ಕಡಿಮಿ ಅದ’ ಎಂದು ಕಬ್ಬಿಣದ ಮಾತ್ರೆ ಬರೆದುಕೊಡುತ್ತೇವೆ. ಅದು ತಪ್ಪಲ್ಲ, ಎಷ್ಟೋ ಸಲ ಅದೇ ಸರಿ. ಆದರೆ ಯಾಕೆ ಉಣ್ಣುತ್ತಿಲ್ಲ ಎಂಬ ಪ್ರಶ್ನೆ ಅಲ್ಲಿಗೇ ಮುಗಿದುಹೋಗುತ್ತದೆ.

ಮೊಟ್ಟೆಯ ಕತೆ ಇಲ್ಲಿ ನೆನಪಾಗುತ್ತದೆ. 2021ರ ಡಿಸೆಂಬರ್‌ನಲ್ಲಿ ಯಾದಗಿರಿಯೂ ಸೇರಿ ಕಲ್ಯಾಣ ಕರ್ನಾಟಕದ ಜಿಲ್ಲೆಗಳಲ್ಲಿ, ಜೊತೆಗೆ ವಿಜಯಪುರದಲ್ಲಿ ಬಿಸಿಯೂಟದೊಂದಿಗೆ ಮೊಟ್ಟೆ ಕೊಡಲು ಶುರುಮಾಡಿದರು. ಎಷ್ಟು ಗಲಾಟೆಯಾಯಿತೆಂದು ಎಲ್ಲರಿಗೂ ಗೊತ್ತು. ಆಗ ಗದಗಿನ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯ ಯಾದಗಿರಿಯ ಮಕ್ಕಳನ್ನು ಮೊಟ್ಟೆ ಇಲ್ಲದ ಗದಗಿನ ಮಕ್ಕಳ ಜೊತೆ ಹೋಲಿಸಿ ನೋಡಿತು. ಯಾದಗಿರಿಯ ಮಕ್ಕಳು, ಅದರಲ್ಲೂ ಎಂಟನೇ ಇಯತ್ತೆಯ ಹೆಣ್ಣುಮಕ್ಕಳು, ಎದ್ದು ಕಾಣುವಷ್ಟು ಹೆಚ್ಚು ಮೈಕೈ ತುಂಬಿಕೊಂಡಿದ್ದರು. ಕೊರತೆಯಿಂದ ಬಂದ ಸೊರಗಿಗೆ ಊಟ ಎಷ್ಟು ಬೇಗ ಕೆಲಸ ಮಾಡುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಡ. ಅದೇ ಸಾಲಿನಲ್ಲಿ ಕೂತು, ಅದೇ ಮೊಟ್ಟೆ ಪಡೆದು, ವರ್ಷ ಕಳೆದರೂ ತೂಕ ಏರದ ಅಥವಾ ಇಳಿಯುತ್ತಲೇ ಇರುವ ಮಗು ಇದ್ದರೆ ಆ ಮಗುವಿನ ಹತ್ತಿರ ಹೋಗಿ ಕೂರಬೇಕಾದ ಕಾರಣ ಬೇರೆಯೇ ಇದೆ. ಕ್ಷಯವಿರಬಹುದು, ಜಂತುಹುಳ ಇರಬಹುದು, ಥೈರಾಯ್ಡ್ ಇರಬಹುದು. ಅವನ್ನೆಲ್ಲ ಮೊದಲು ನೋಡಲೇಬೇಕು. ಅವೇನೂ ಇಲ್ಲವೆಂದಾದ ಮೇಲೆ ‘ಏನೂ ಇಲ್ಲ’ ಎಂದು ಚೀಟಿ ಬರೆದು ಕಳಿಸಬಾರದು.

ಆ ಮಗು ಉಣ್ಣುವುದನ್ನು ಹತ್ತಿರದಿಂದ ನೋಡಿದರೆ ಗೊತ್ತಾಗುತ್ತದೆ. ಅವ್ವ ಬಿಸಿ ಜೋಳದ ರೊಟ್ಟಿ ಗಂಗಾಳಕ್ಕೆ ಹಾಕಿರುತ್ತಾಳೆ, ಪಕ್ಕದಲ್ಲಿ ಪುಂಡಿ ಪಲ್ಯ, ಶೇಂಗಾ ಹಿಂಡಿ, ಒಂದು ಉಳ್ಳಾಗಡ್ಡಿ. ಹುಡುಗಿ ರೊಟ್ಟಿಯನ್ನು ಕಾಸಿನಗಲ ಮುರಿಯುತ್ತಾಳೆ, ಆ ಚೂರನ್ನು ಮತ್ತೆ ಮುರಿಯುತ್ತಾಳೆ. ಹಿಂಡಿಯಲ್ಲಿ ಎಣ್ಣೆ ಕಂಡರೆ ಅದನ್ನು ಅಂಚಿಗೆ ಸರಿಸುತ್ತಾಳೆ. ತಮ್ಮ ಮೂರು ರೊಟ್ಟಿ ಮುಗಿಸಿ ಕೈತೊಳೆದು ಎದ್ದಿರುತ್ತಾನೆ, ಈಕೆಯ ಗಂಗಾಳದಲ್ಲಿ ಚೂರುಗಳು ಜಾಗ ಬದಲಿಸಿರುತ್ತವೆ ಅಷ್ಟೇ. ಹಾಗೆಂದು ಊಟದ ಬಗ್ಗೆ ಆಕೆಗೆ ಆಸಕ್ತಿ ಇಲ್ಲವೆಂದಲ್ಲ. ಎಳ್ಳ ಅಮಾವಾಸ್ಯೆಗೆ ಹೊಲಕ್ಕೆ ಒಯ್ಯುವ ಬುತ್ತಿಗೆ ಸಜ್ಜಿ ರೊಟ್ಟಿ ಬಡಿಯುವವಳು ಆಕೆ, ಭಜ್ಜಿ ಕುದಿಸುವವಳು ಆಕೆ, ಎಲ್ಲರಿಗೂ ಒತ್ತಾಯ ಮಾಡಿ ಬಡಿಸುವವಳೂ ಆಕೆಯೇ. ತಾನು ಮಾತ್ರ ‘ಆಮ್ಯಾಲೆ ಉಣ್ತೀನಿ’ ಎನ್ನುತ್ತಾಳೆ.

ಇದನ್ನು ಹಟ ಎಂದುಕೊಳ್ಳುವವರಿಗೆ ಅಮೆರಿಕದ ಮಿನೆಸೋಟದಲ್ಲಿ ನಡೆದ ಒಂದು ಪ್ರಯೋಗದ ಬಗ್ಗೆ ಹೇಳಬೇಕು. 1944–45ರಲ್ಲಿ, ಯುದ್ಧದಿಂದ ಬರಗೆಟ್ಟ ಯುರೋಪಿನ ಜನರಿಗೆ ಮತ್ತೆ ಹೇಗೆ ಉಣಿಸಬೇಕೆಂದು ತಿಳಿಯಲು ಆನ್ಸೆಲ್ ಕೀಸ್ ಎಂಬ ವಿಜ್ಞಾನಿ 36 ಮಂದಿ ಗಟ್ಟಿಮುಟ್ಟಾದ ಯುವಕರನ್ನು ಅವರ ಒಪ್ಪಿಗೆಯ ಮೇಲೆ ಆರು ತಿಂಗಳು ಅರೆಹೊಟ್ಟೆಯಲ್ಲಿ ಇಟ್ಟರು. ಆ ಗಂಡಸರಿಗೆ ತೂಕದ ಚಿಂತೆ ಇರಲಿಲ್ಲ, ಕನ್ನಡಿಯ ಹಂಬಲವಿರಲಿಲ್ಲ. ಆದರೂ ವಾರಗಳು ಕಳೆದಂತೆ ಅವರೂ ಊಟವನ್ನು ಚೂರುಚೂರು ಮಾಡಿ ಗಂಟೆಗಟ್ಟಲೆ ತಿನ್ನತೊಡಗಿದರು, ಅಡುಗೆ ಪುಸ್ತಕಗಳನ್ನು ಕೂಡಿಡತೊಡಗಿದರು. ಸದಾ ಚಳಿ ಎಂದರು, ಗೆಳೆಯರಿಂದ ದೂರವಾದರು, ಸಿಡುಕಿದರು, ಮಂಕಾದರು. ಒಬ್ಬನಂತೂ ತನ್ನ ಕೈಬೆರಳುಗಳನ್ನೇ ಕಡಿದುಕೊಂಡ. ಅಂದರೆ ಹಟ, ಮೌನ, ಸಿಡುಕು ಎಂದು ನಾವು ಕರೆಯುವುದರಲ್ಲಿ ಬಹುಪಾಲು ಹಸಿದ ಮಿದುಳಿನ ವರ್ತನೆ. ಕಾಯಿಲೆ ಯಾವ ಕಾರಣಕ್ಕೆ ಶುರುವಾಗಿದ್ದರೂ ಸ್ವಲ್ಪ ದಿನದ ಮೇಲೆ ಉಪವಾಸವೇ ಅದನ್ನು ಮುಂದಕ್ಕೆ ನಡೆಸುತ್ತದೆ. ‘ಬುದ್ಧಿ ಹೇಳಿದರೆ ತಿಳಿಯಂಗಿಲ್ಲೇನು’ ಎಂದು ಬೈಯುವ ಅಪ್ಪನಿಗೆ ಗೊತ್ತಿರಬೇಕಾದ ಸಂಗತಿ ಇದು. ತಿಳಿದುಕೊಳ್ಳುವ ಶಕ್ತಿ ಬರಬೇಕಾದರೂ ಮೊದಲು ಊಟ ಒಳಗೆ ಹೋಗಬೇಕು.

ಕಾಯಿಲೆಯೂ ಹೊಸದಲ್ಲ. ಲಂಡನ್ನಿನ ವೈದ್ಯ ವಿಲಿಯಂ ಗಲ್, ಪ್ಯಾರಿಸ್ಸಿನ ಶಾರ್ಲ್ ಲಾಸೆಗ್ ಇಬ್ಬರೂ 1873ರಲ್ಲಿ ಬೇರೆಬೇರೆಯಾಗಿ ಇದನ್ನು ವಿವರಿಸಿದರು. ಆಗ ಸಿನಿಮಾ ಇರಲಿಲ್ಲ, ಫ್ಯಾಷನ್ ಶೋ ಇರಲಿಲ್ಲ, ಮೊಬೈಲಂತೂ ಇರಲೇ ಇಲ್ಲ. ಅದಕ್ಕೂ ಸುಮಾರು ಇನ್ನೂರು ವರ್ಷ ಮೊದಲೇ, 1689ರಲ್ಲಿ, ರಿಚರ್ಡ್ ಮಾರ್ಟನ್ ಎಂಬ ವೈದ್ಯ ಕ್ಷಯವೂ ಅಲ್ಲದ, ಜ್ವರವೂ ಇಲ್ಲದ, ಆದರೆ ಒಂದೇ ಸಮನೆ ಸವೆದುಹೋಗುವ ಹದಿಹರೆಯದವರ ಬಗ್ಗೆ ಬರೆದಿದ್ದ. 2019ರಲ್ಲಿ ಹಲವು ದೇಶಗಳ ಸಾವಿರಾರು ರೋಗಿಗಳ ವಂಶವಾಹಿಗಳನ್ನು ನೋಡಿದ ಅಧ್ಯಯನವೊಂದು ಈ ಕಾಯಿಲೆಗೆ ಮನಸ್ಸಿನ ಜೊತೆಗೆ ದೇಹದ ಚಯಾಪಚಯದ ನಂಟೂ ಇದೆ ಎಂದು ತೋರಿಸಿತು. ಹಾಗಾಗಿ ‘ಚಂದ ಕಾಣಬೇಕಂತ ಊಟ ಬಿಟ್ಟಾಳ’ ಎಂಬ ಮಾತು ಅರ್ಧವೂ ನಿಜವಲ್ಲ.

ನಮ್ಮ ದೇಶದಲ್ಲಂತೂ ಇದು ಪಠ್ಯಪುಸ್ತಕದ ಮುಖ ಹೊತ್ತು ಬರುವುದು ಕಡಿಮೆ. ಪಶ್ಚಿಮದ ಪುಸ್ತಕಗಳಲ್ಲಿ ರೋಗಿ ‘ನಾನು ದಪ್ಪ’ ಎನ್ನುತ್ತಾಳೆ. ಇಲ್ಲಿ ಬರುವ ಎಷ್ಟೋ ಮಕ್ಕಳು ಆ ಮಾತನ್ನೇ ಆಡುವುದಿಲ್ಲ. ‘ಹೊಟ್ಟಿ ಉಬ್ಬಿದಂಗ ಆಗ್ತದ’, ‘ಗಂಟಲದಾಗ ಇಳಿಯಂಗಿಲ್ಲ’, ‘ತಿಂದದ್ದು ವಾಂತಿ ಬರ್ತದ’ ಎನ್ನುತ್ತಾರೆ. ದೆಹಲಿಯ ವೈದ್ಯರು 1990ರ ದಶಕದಲ್ಲೇ ದಪ್ಪಗಾಗುವ ಭಯ ಹೇಳಿಕೊಳ್ಳದ ಇಂಥ ರೋಗಿಗಳ ಬಗ್ಗೆ ಬರೆದರು. ಹಾಂಗ್‌ಕಾಂಗ್‌ನಲ್ಲಿ ಸಿಂಗ್ ಲೀ ಎಂಬ ಮನೋವೈದ್ಯರೂ ಇದನ್ನೇ ಕಂಡಿದ್ದರು. 2007ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ವೈದ್ಯರು ತಮ್ಮಲ್ಲಿಗೆ ಬಂದ ಮಕ್ಕಳ ದಾಖಲೆ ತೆಗೆದು ನೋಡಿದಾಗ ಹೆಚ್ಚಾಗಿ ಸಿಕ್ಕಿದ್ದು ಅನೊರೆಕ್ಸಿಯಾ ಅಲ್ಲ, ಮನಸ್ಸಿನ ಒತ್ತಡದಿಂದ ಬರುವ ವಾಂತಿ. ಬೆಂಗಳೂರಿನ ಮನೋವೈದ್ಯರನ್ನು ನಿಮ್ಹಾನ್ಸ್‌ನ ಪ್ರಭಾ ಚಂದ್ರ ಮತ್ತವರ ಸಂಗಡಿಗರು ಕೇಳಿದಾಗ ಸುಮಾರು ಮೂರರಲ್ಲಿ ಇಬ್ಬರು ಇಂಥ ರೋಗಿಗಳನ್ನು ನೋಡಿದ್ದೇವೆ ಎಂದಿದ್ದರು. ಅದು 2012ರಲ್ಲಿ ಪ್ರಕಟವಾಯಿತು. ಮೈಸೂರಿನ ವಿದ್ಯಾರ್ಥಿಗಳ ನಡುವೆ ಪ್ರಶ್ನಾವಳಿ ಹಂಚಿ ಮಾಡಿದ, 2018ರಲ್ಲಿ ಹೊರಬಂದ ಅಧ್ಯಯನದಲ್ಲಿ ಸುಮಾರು ಕಾಲುಭಾಗ ಮಂದಿಯ ಊಟದ ಮನೋಭಾವ ಅಪಾಯದ ಗೆರೆ ದಾಟಿತ್ತು. ಪ್ರಶ್ನಾವಳಿಯ ಗೆರೆ ದಾಟಿದವರೆಲ್ಲ ರೋಗಿಗಳಲ್ಲ, ಆ ಎಚ್ಚರ ಇರಲಿ. ಆದರೆ ಇದು ನಮ್ಮದಲ್ಲ ಎಂದು ಕೈತೊಳೆದುಕೊಳ್ಳಲು ಇನ್ನು ಸಾಧ್ಯವಿಲ್ಲ.

ವಾಂತಿ, ಹೊಟ್ಟೆ ಉಬ್ಬರ ಎಂದಾಗ ನಮ್ಮ ಕಡೆ ಮನೆಯವರು ಹಿಡಿಯುವ ದಾರಿ ಎಲ್ಲರಿಗೂ ಗೊತ್ತು. ಗಾಳಿ ಸೋಕಿದೆಯೆಂದು ಲಿಂಬೆಹಣ್ಣು ಇಳಿತೆಗೆಯುತ್ತಾರೆ, ತಾಯತ ಕಟ್ಟಿಸುತ್ತಾರೆ, ತಿಂಥಣಿ ಮೌನೇಶ್ವರನಿಗೆ ಹರಕೆ ಹೊರುತ್ತಾರೆ. ಹರಕೆಯಿಂದ ಕೇಡಿಲ್ಲ, ಕಂಗೆಟ್ಟ ತಾಯಿಗೆ ಅದರಿಂದ ಧೈರ್ಯ ಬರುವುದಾದರೆ ಬರಲಿ. ನನಗೆ ಹೆಚ್ಚು ಭಯ ಅದರ ಮುಂದಿನ ನಿಲ್ದಾಣದ ಬಗ್ಗೆ. ಊರಿನ ಆರ್‌ಎಂಪಿ ಡಾಕ್ಟರ ಹತ್ತಿರ ಹೋಗಿ ‘ನಿಶ್ಶಕ್ತಿ ಆಗ್ಯಾದ, ಒಂದು ಗ್ಲೂಕೋಸ್ ಬಾಟ್ಲಿ ಏರಸ್ರಿ’ ಎನ್ನುವುದು ನಮ್ಮಲ್ಲಿ ಎಷ್ಟು ಸಹಜವೆಂದರೆ ಯಾರೂ ಎರಡು ಸಲ ಯೋಚಿಸುವುದಿಲ್ಲ. ತಿಂಗಳುಗಟ್ಟಲೆ ಉಪವಾಸವಿದ್ದ ದೇಹ ತನ್ನದೇ ಕೊಬ್ಬು, ಸ್ನಾಯು ಕರಗಿಸಿಕೊಂಡು ಬದುಕಿರುತ್ತದೆ. ಅದಕ್ಕೆ ಒಮ್ಮೆಲೇ ಸಕ್ಕರೆ ಏರಿಸಿದರೆ ಇನ್ಸುಲಿನ್ ಚಿಮ್ಮುತ್ತದೆ, ರಕ್ತದಲ್ಲಿ ಅಳಿದುಳಿದ ಫಾಸ್ಫೇಟ್, ಪೊಟ್ಯಾಸಿಯಂ, ಮೆಗ್ನೀಸಿಯಂ ಎಲ್ಲ ಜೀವಕೋಶಗಳ ಒಳಕ್ಕೆ ನುಗ್ಗುತ್ತವೆ. ರಕ್ತದಲ್ಲಿ ಅವು ಕುಸಿದಾಗ ಹೃದಯದ ಲಯ ತಪ್ಪುತ್ತದೆ, ಉಸಿರಾಟದ ಸ್ನಾಯುಗಳು ಸೋಲುತ್ತವೆ. ಬಿ–1 ಜೀವಸತ್ವ ಮೊದಲೇ ಖಾಲಿಯಾಗಿದ್ದರೆ ಮಿದುಳಿಗೂ ಪೆಟ್ಟು ಬೀಳುತ್ತದೆ. ಎರಡನೇ ಮಹಾಯುದ್ಧದ ಕೊನೆಗೆ ಸೆರೆಯಿಂದ ಬಿಡುಗಡೆಯಾದ ಹಸಿದ ಜನ ಹೊಟ್ಟೆ ತುಂಬ ಉಂಡ ಮೇಲೆ ಸತ್ತದ್ದನ್ನು ಕಂಡಾಗ ವೈದ್ಯಲೋಕ ಕಲಿತ ಪಾಠವಿದು. ತೀರಾ ಇಳಿದುಹೋದ, ತಲೆಸುತ್ತಿ ಬೀಳುವ, ನಾಡಿ ನಿಧಾನವಾದ ಮಗುವನ್ನು ಓಣಿಯ ಕ್ಲಿನಿಕ್ಕಿನ ಬಾಟ್ಲಿಗೆ ಒಪ್ಪಿಸದೆ ರಕ್ತಪರೀಕ್ಷೆ, ಇಸಿಜಿ ಇರುವ ಆಸ್ಪತ್ರೆಗೆ ಕರೆದೊಯ್ಯಬೇಕು. ಅಲ್ಲಿ ದಿನದಿನಕ್ಕೆ ಲೆಕ್ಕ ಹಾಕಿ ಊಟ ಹೆಚ್ಚಿಸುತ್ತಾರೆ.

ಉಪವಾಸಕ್ಕೆ ನಮ್ಮಲ್ಲಿ ಮರ್ಯಾದೆ ಇದೆ. ಶ್ರಾವಣ ಸೋಮವಾರ, ಏಕಾದಶಿ, ಸಂಕಷ್ಟಿ, ರಂಜಾನ್ ರೋಜಾ ಇವೆಲ್ಲ ಮನೆಮಂದಿ ಕೂಡಿ ಹಿಡಿದು ಕೂಡಿ ಬಿಡುವ ವ್ರತಗಳು. ಬಿಡುವ ಹೊತ್ತಿಗೆ ಎಲ್ಲರ ಜೊತೆ ಕೂತು ಖುಷಿಯಿಂದ ಉಣ್ಣುವುದೇ ಅವುಗಳ ತಿರುಳು. ಹುಡುಗಿ ವಾರಕ್ಕೆ ಒಂದು ದಿನವಿದ್ದದ್ದನ್ನು ಮೂರು ದಿನ ಮಾಡಿಕೊಂಡಾಗ, ಉಪವಾಸ ಬಿಡುವ ಹೊತ್ತಿಗೆ ತಲೆನೋವೆಂದು ಮಲಗಿದಾಗ, ‘ಎಷ್ಟು ಭಕ್ತಿ ನೋಡ್ರಿ’ ಎಂದು ಹೊಗಳುವ ಮುನ್ನ ಆಕೆಯ ಮುಂಗೈ ಹಿಡಿದು ನೋಡಬೇಕು.

ಹುಡುಗಿಯರೇ ಯಾಕೆ ಹೆಚ್ಚು? ಆರ್ಥರ್ ಕ್ರಿಸ್ಪ್ ಎಂಬ ಬ್ರಿಟಿಷ್ ಮನೋವೈದ್ಯರು ಇದನ್ನು ದೊಡ್ಡವರಾಗುವ ಭಯ ಎಂದು ನೋಡಿದರು. ಮೈ ಸೊರಗಿದರೆ ಮುಟ್ಟು ನಿಲ್ಲುತ್ತದೆ, ಮೈಕಟ್ಟು ಮತ್ತೆ ಮಗುವಿನದಾಗುತ್ತದೆ, ಎದುರಿಸಲಾಗದ್ದು ಮುಂದೆ ಹೋಗುತ್ತದೆ. ಎಲ್ಲ ರೋಗಿಗಳಿಗೂ ಈ ವಿವರಣೆ ಹೊಂದುವುದಿಲ್ಲ, ಇಂದು ಎಲ್ಲರೂ ಒಪ್ಪುವುದೂ ಇಲ್ಲ. ಆದರೂ ನಮ್ಮ ಹಳ್ಳಿಗಳನ್ನು ನೆನೆದಾಗ ಈ ಮಾತು ನನ್ನನ್ನು ಬಿಡುವುದಿಲ್ಲ. ‘ದೊಡ್ಡಾಕಿ ಆದಳು’ ಎಂಬ ಸುದ್ದಿ ಹಬ್ಬಿದ ಮರುವರ್ಷವೇ ಶಾಲೆ ಬಿಡಿಸುವ ಮಾತು, ಗಂಡು ನೋಡುವ ಮಾತು ಶುರುವಾಗುವ ಊರುಗಳಿವೆ. ಎಸ್ಸೆಸ್ಸೆಲ್ಸಿ ನಪಾಸಾದರೆ ಮದುವೆ, ಪಾಸಾದರೂ ಕಾಲೇಜು ದೂರವೆಂದು ಮದುವೆ. ನೋಡಲು ಬಂದವರು ಎದುರಿಗೇ ಬಣ್ಣ, ಎತ್ತರ, ಮೈ ಅಳೆದು ಹೋಗುತ್ತಾರೆ. ಬೇಡ ಎನ್ನಲು ಬಾಯಿ ಕೊಡದ ಮನೆಯಲ್ಲಿ ಆಕೆ ಬೇಡ ಎನ್ನಬಹುದಾದ ಒಂದೇ ವಸ್ತು ತುತ್ತು. ಅಪ್ಪ ಅವ್ವ ಗುಳೆ ಹೋಗಿ ಅಜ್ಜಿಯ ಹತ್ತಿರ ಉಳಿದ ಮಕ್ಕಳು ಊಟ ಬಿಡುವುದಕ್ಕೂ ಇಂಥದೇ ಕಾರಣಗಳಿರಬಹುದು. ಅದನ್ನು ಕೇಳಿ ತಿಳಿಯಬೇಕು, ನಾವೇ ಊಹಿಸಿ ಮುಗಿಸಬಾರದು.

ಗಂಡುಮಕ್ಕಳಿಗೂ ಬಿಡುಗಡೆ ಇಲ್ಲ. ಪೊಲೀಸ್, ಸೇನೆ ಭರ್ತಿಗೆಂದು ಬೆಳಗಿನ ಜಾವ ಮೈದಾನದಲ್ಲಿ ಓಡುವ ಹುಡುಗರು, ಜಿಮ್ಮಿಗೆ ಸೇರಿ ಪುಡಿಯ ಡಬ್ಬಿ ಕೊಂಡವರು ದಿನಕ್ಕೆ ಹತ್ತು ಸಲ ಕನ್ನಡಿಯಲ್ಲಿ ತೋಳು ನೋಡಿಕೊಂಡು ಅನ್ನ, ರೊಟ್ಟಿ ಬಿಟ್ಟರೆ ಅದನ್ನು ಶಿಸ್ತು ಎಂದು ಮೆಚ್ಚುತ್ತೇವೆ. ಮೊಬೈಲು ಇದಕ್ಕೆ ಎಣ್ಣೆ ಸುರಿದಿದೆ. ಫಿಜಿ ದ್ವೀಪದ ಒಂದು ಸೀಮೆಗೆ 1995ರಲ್ಲಿ ಟಿವಿ ಬಂದು ಮೂರು ವರ್ಷವಾಗುವುದರೊಳಗೆ ಅಲ್ಲಿನ ಶಾಲಾ ಹುಡುಗಿಯರಲ್ಲಿ ತೂಕ ಇಳಿಸಲು ವಾಂತಿ ಮಾಡಿಕೊಳ್ಳುವ ಚಾಳಿ ಕಾಣಿಸಿಕೊಂಡದ್ದನ್ನು ಆನ್ ಬೆಕರ್ ಎಂಬ ಸಂಶೋಧಕಿ ದಾಖಲಿಸಿದರು. ತುಂಬಿದ ಮೈಯನ್ನೇ ಚೆಲುವು ಎನ್ನುತ್ತಿದ್ದ ಊರು ಅದು. 2021ರಲ್ಲಿ ಬಯಲಾದ ಫೇಸ್‌ಬುಕ್ ಕಂಪನಿಯ ಒಳಗಿನ ಕಾಗದಗಳಲ್ಲೇ, ತಮ್ಮ ದೇಹದ ಬಗ್ಗೆ ಬೇಸರವಿದ್ದ ಹದಿಹರೆಯದ ಹುಡುಗಿಯರಲ್ಲಿ ಶೇ 32ರಷ್ಟು ಮಂದಿ ಇನ್‌ಸ್ಟಾಗ್ರಾಂ ಆ ಬೇಸರವನ್ನು ಹೆಚ್ಚಿಸಿತು ಎಂದಿದ್ದರು. ಆ ಇನ್‌ಸ್ಟಾಗ್ರಾಂ ಈಗ ಕೆಂಭಾವಿಯಲ್ಲೂ ಇದೆ, ಹುಣಸಗಿಯಲ್ಲೂ ಇದೆ.

ಬುಲಿಮಿಯಾ ಎಂಬುದು ಅನೊರೆಕ್ಸಿಯಾದ ತಂಗಿ. ಗುಟ್ಟಾಗಿ ಮಿತಿಮೀರಿ ತಿನ್ನುವುದು, ಆಮೇಲೆ ಪಶ್ಚಾತ್ತಾಪದಲ್ಲಿ ಕಕ್ಕುವುದು. 1979ರಲ್ಲಿ ಜೆರಾಲ್ಡ್ ರಸೆಲ್ ಎಂಬ ಮನೋವೈದ್ಯರು ಇದಕ್ಕೆ ಹೆಸರಿಟ್ಟರು. ಮೈತೂಕ ಹೆಚ್ಚಾಗಿ ಸರಿಯಾಗೇ ಇರುವುದರಿಂದ ಯಾರಿಗೂ ಸುಳಿವು ಸಿಗುವುದಿಲ್ಲ. ಹಲ್ಲಿನ ಹೊಳಪು ಸವೆದು, ಕೆನ್ನೆಯ ಗ್ರಂಥಿ ಊದಿದಾಗ ಮೊದಲು ಗುರುತಿಸುವವರು ಎಷ್ಟೋ ಸಲ ಹಲ್ಲಿನ ಡಾಕ್ಟರು.

ಇನ್ನೊಂದಂತೂ ನಮ್ಮ ಮನೆಗಳಲ್ಲೇ ಇದೆ, ಯಾರೂ ಅದನ್ನು ಕಾಯಿಲೆಯೆಂದು ಎಣಿಸುವುದಿಲ್ಲ. ಬಳಪ ಕಡಿಯುವ, ಗೋಡೆಯ ಮಣ್ಣು ಕೆರೆದು ತಿನ್ನುವ, ಹಸಿ ಅಕ್ಕಿ ಮುಕ್ಕುವ ಮಕ್ಕಳಿಲ್ಲದ ಓಣಿ ಯಾವುದು? ಬಸುರಿ ಹೆಣ್ಣುಮಕ್ಕಳೂ ಮಣ್ಣಿನ ವಾಸನೆಗೆ ಹಾತೊರೆಯುತ್ತಾರೆ. ಇದಕ್ಕೆ ಪೈಕಾ ಎನ್ನುತ್ತಾರೆ, ಮನೋವೈದ್ಯರ ಪಟ್ಟಿಯಲ್ಲಿ ಇದೂ ಊಟದ ಕಾಯಿಲೆಗಳ ಸಾಲಿನಲ್ಲೇ ಇದೆ. ಕಬ್ಬಿಣದ ಕೊರತೆಗೂ ಇದಕ್ಕೂ ಹತ್ತಿರದ ನಂಟು. ಬೈದು, ಬಾಯಿಗೆ ಖಾರ ಹಚ್ಚಿ ಬಿಡಿಸಲು ನೋಡುವುದಕ್ಕಿಂತ ರಕ್ತ ಪರೀಕ್ಷೆ ಮಾಡಿಸಿ ಮಾತ್ರೆ ಕೊಡಿಸಿದರೆ ಎಷ್ಟೋ ಮಕ್ಕಳು ತಾವಾಗಿ ಬಿಡುತ್ತಾರೆ. ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ನೀಲಿ ಮಾತ್ರೆಯನ್ನು ಮಕ್ಕಳು ನುಂಗಿದರೋ ಕಿಟಕಿಯಿಂದ ಎಸೆದರೋ ನೋಡಬೇಕಾದ್ದು ಇದಕ್ಕೂ ಸೇರಿಯೇ.

ಚಿಕಿತ್ಸೆಯ ವಿಷಯದಲ್ಲಿ ನಮಗೆ ಧೈರ್ಯ ಕೊಡುವ ಸಂಗತಿ ಇದೆ. ಲಂಡನ್ನಿನ ಮಾಡ್ಸ್ಲಿ ಆಸ್ಪತ್ರೆಯಲ್ಲಿ ರಸೆಲ್ ಮತ್ತವರ ಸಂಗಡಿಗರು 1987ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಹತ್ತೊಂಬತ್ತು ತುಂಬುವ ಮೊದಲೇ ಕಾಯಿಲೆ ಶುರುವಾಗಿ ಮೂರು ವರ್ಷ ದಾಟಿರದ ಮಕ್ಕಳಿಗೆ ಒಬ್ಬೊಬ್ಬರನ್ನೇ ಕೂರಿಸಿ ಮಾತಾಡಿಸುವುದಕ್ಕಿಂತ ಇಡೀ ಮನೆಯನ್ನೇ ಚಿಕಿತ್ಸೆಯಲ್ಲಿ ಸೇರಿಸಿಕೊಂಡಾಗ ಹೆಚ್ಚು ಗುಣ ಕಂಡಿತು. ಆ ದಾರಿಯಲ್ಲಿ ಬೆಳೆದು ಬಂದ ಇಂದಿನ ಕ್ರಮದಲ್ಲಿ ಯಾರ ತಪ್ಪೆಂದು ಹುಡುಕುವುದಿಲ್ಲ. ಸ್ವಲ್ಪ ಕಾಲ ಏನು, ಎಷ್ಟು, ಯಾವಾಗ ಉಣ್ಣಬೇಕೆಂಬ ತೀರ್ಮಾನವನ್ನು ಅಪ್ಪ ಅವ್ವ ಕೈಗೆ ತೆಗೆದುಕೊಳ್ಳುತ್ತಾರೆ. ಹೊತ್ತುಹೊತ್ತಿಗೆ ಪಕ್ಕದಲ್ಲಿ ಕೂತು ಉಣಿಸುತ್ತಾರೆ. ಮಗು ಅಳುತ್ತದೆ, ಗಂಗಾಳ ನೂಕುತ್ತದೆ, ಇವರು ಬೈಯದೆ, ಹೊಡೆಯದೆ, ಎದ್ದುಹೋಗದೆ ಕೂತಿರುತ್ತಾರೆ. ತೂಕ ಮರಳಿದಂತೆ ಊಟದ ಜವಾಬ್ದಾರಿ ಮೆಲ್ಲಗೆ ಮಗುವಿಗೆ ಹಿಂದಿರುಗುತ್ತದೆ. ಆಮೇಲೆ ಉಳಿದ ಮಾತು: ಓದು, ಮದುವೆ, ಭಯ, ಬೇಸರ. ತುತ್ತು ಮಾಡಿ ಉಣಿಸುವ ನಮ್ಮ ತಾಯಂದಿರಿಗೆ, ಅಜ್ಜಿ ಅತ್ತಿಗೆಯರು ಕೂಡಿರುವ ಮನೆಗಳಿಗೆ ಇದು ಕಷ್ಟದ್ದಾದರೂ ಪರಕೀಯವಲ್ಲ. ಬೇಕಾದದ್ದು ಬೆನ್ನಿಗೆ ನಿಲ್ಲುವ ವೈದ್ಯರು.

ಅವರು ಎಲ್ಲಿ ಸಿಗುತ್ತಾರೆ? ಈ ಕಾಯಿಲೆಯಲ್ಲಿ ಪಳಗಿದ ತಂಡಕ್ಕೆ ಬೆಂಗಳೂರಿನ ನಿಮ್ಹಾನ್ಸ್‌ಗೇ ಹೋಗಬೇಕು. ಸುರಪುರದವರಿಗೆ ಅದು ಯಾದಗಿರಿಗೆ ಬಂದು ರಾತ್ರಿ ರೈಲು ಹಿಡಿಯುವ ದಾರಿ, ಕೂಲಿ ಕಳೆದುಕೊಳ್ಳುವ ದಾರಿ. ಆದರೆ ಎಲ್ಲರೂ ಅಷ್ಟು ದೂರ ಹೋಗಬೇಕಿಲ್ಲ. ಯಾದಗಿರಿಗೆ ಈಗ ವೈದ್ಯಕೀಯ ಕಾಲೇಜು ಬಂದಿದೆ, ಕಲಬುರಗಿ, ರಾಯಚೂರಿನಲ್ಲಿ ಮನೋವೈದ್ಯ ವಿಭಾಗಗಳಿವೆ. ಮನೋಚೈತನ್ಯ ಯೋಜನೆಯಂತೆ ಮಂಗಳವಾರ ತಾಲ್ಲೂಕು ಆಸ್ಪತ್ರೆಯಲ್ಲಿ ಮನೋವೈದ್ಯರು ಸಿಗಬೇಕು. ಬರುತ್ತಾರೋ ಇಲ್ಲವೋ ಎಂದು ಕೇಳುವ ಹಕ್ಕು ಜನಕ್ಕಿದೆ. ಹದಿಹರೆಯದವರಿಗೆಂದೇ ಸ್ನೇಹ ಕ್ಲಿನಿಕ್‌ಗಳಿವೆ. 2022ರ ಅಕ್ಟೋಬರ್‌ನಲ್ಲಿ ಶುರುವಾದ ಟೆಲಿ ಮಾನಸ್‌ಗೆ 14416ಕ್ಕೆ ಫೋನ್ ಮಾಡಿದರೆ ಹಗಲು ರಾತ್ರಿ ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಬೀಳುವುದಿಲ್ಲ.

ಎಲ್ಲಕ್ಕಿಂತ ಮೊದಲು ಕಣ್ಣಿಡಬೇಕಾದ ಜಾಗ ಹಾಸ್ಟೆಲ್. ಮೊರಾರ್ಜಿ ದೇಸಾಯಿ, ಕಸ್ತೂರಬಾ, ಬಿಸಿಎಂ ಹಾಸ್ಟೆಲ್‌ಗಳಲ್ಲಿ ಈ ಜಿಲ್ಲೆಯ ಸಾವಿರಾರು ಮಕ್ಕಳಿದ್ದಾರೆ. ಯಾರು ಸಾಲಿನಲ್ಲಿ ಕೊನೆಗೆ ನಿಲ್ಲುತ್ತಾರೆ, ಯಾರ ಗಂಗಾಳದ ರೊಟ್ಟಿ ನಾಯಿಗೆ ಹೋಗುತ್ತದೆ, ಊಟವಾದ ಕೂಡಲೇ ಯಾರು ಬಚ್ಚಲಿಗೆ ಓಡುತ್ತಾರೆ ಎಂಬುದು ವಾರ್ಡನ್‌ಗಿಂತ ಮೊದಲು ಅಡುಗೆಯವರಿಗೆ ಗೊತ್ತಿರುತ್ತದೆ. ಅವರನ್ನು ಯಾರೂ ಕೇಳುವುದಿಲ್ಲ. ಮಕ್ಕಳ ತೂಕ ಬರೆಯುವ ಪುಸ್ತಕದಲ್ಲಿ ಊಟ ಹೇಗೆ ಎಂಬ ಇನ್ನೊಂದು ಕಲಂ ಸೇರಿಸಿ, ತಿಂಗಳಿಗೊಮ್ಮೆ ಅಡುಗೆಯವರನ್ನು ಕೂರಿಸಿಕೊಂಡು ಕೇಳಿ ತುಂಬಿದರೆ ಸಾಕು. ಕಳೆದ ತಿಂಗಳಿಗಿಂತ ತೂಕ ಇಳಿದ ಮಗುವನ್ನು ಎಲ್ಲರೆದುರು ಕರೆಯದೆ ಪಕ್ಕಕ್ಕೆ ಕರೆದು ಕೇಳಬೇಕು. ಆಸ್ಪತ್ರೆಗೆ ಹೋಗುವಾಗ ಹೋದ ವರ್ಷದ ತೂಕ, ಕೊನೆ ಸಲ ಮುಟ್ಟಾದ ದಿನ, ನಿನ್ನೆ ಬೆಳಗ್ಗಿಂದ ರಾತ್ರಿವರೆಗೆ ಹೊಟ್ಟೆಗೆ ಹೋದದ್ದೇನು ಎಂಬ ಮೂರನ್ನೂ ಚೀಟಿಯಲ್ಲಿ ಬರೆದುಕೊಂಡು ಹೋದರೆ ಅವಸರದಲ್ಲಿರುವ ವೈದ್ಯರೂ ರಕ್ತಹೀನತೆಯ ಆಚೆಗೆ ಯೋಚಿಸುತ್ತಾರೆ.